ದೀರ್ಘಕಾಲೀನ ಆರೈಕೆ ಕೇಂದ್ರದಲ್ಲಿ ಮೊದಲ ಪೋಸ್ಟಿಂಗ್: ನರ್ಸಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಸ್‌ಸಿ ನರ್ಸಿಂಗ್ ಓದುತ್ತಿದ್ದಾಗ ಬೆಂಗಳೂರಿನ ಹೊರವಲಯದ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ ನಾನು ಎರಡು ಸಲ ಪೋಸ್ಟಿಂಗ್, ಅಂದರೆ ಪ್ರಾಯೋಗಿಕ ತರಬೇತಿ, ಮಾಡಿದೆ. ಒಮ್ಮೆ ಮೊದಲ ವರ್ಷದಲ್ಲಿ, ಹಾಸಿಗೆ ಹಾಸುವುದನ್ನೂ ಮೈ ಒರೆಸುವುದನ್ನೂ ಕಲಿಯಲು. ಇನ್ನೊಮ್ಮೆ ಎರಡನೆಯ ವರ್ಷದಲ್ಲಿ, ಕೇಸ್ ಸ್ಟಡಿ ಬರೆಯಲು. ಆ ಬಳಿಕ ಕಿರಿಯ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಬಂದು ಕೇಳುತ್ತಿದ್ದ ಪ್ರಶ್ನೆಗಳು ಬಹುತೇಕ ಒಂದೇ ಆಗಿರುತ್ತಿದ್ದವು. ಅವುಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ದೀರ್ಘಕಾಲೀನ ಆರೈಕೆ ಕೇಂದ್ರವೆಂದರೆ ವೃದ್ಧಾಶ್ರಮವೇ?

ಎರಡೂ ಒಂದೇ ಅಲ್ಲ. ವೃದ್ಧಾಶ್ರಮದಲ್ಲಿ ಇರುವವರು ಸಾಮಾನ್ಯವಾಗಿ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲರು. ಅವರಿಗೆ ಬೇಕಿರುವುದು ಊಟ, ಸೂರು ಮತ್ತು ಜೊತೆ. ದೀರ್ಘಕಾಲೀನ ಆರೈಕೆ ಕೇಂದ್ರದಲ್ಲಿ ಇರುವವರಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಇನ್ನೊಬ್ಬರ ಕೈ ಬೇಕು: ಪಾರ್ಶ್ವವಾಯು ಹೊಡೆದು ಒಂದು ಬದಿ ಬಿದ್ದುಹೋದವರು, ಸೊಂಟದ ಮೂಳೆ ಮುರಿದ ಮೇಲೆ ಮತ್ತೆ ಎದ್ದು ಓಡಾಡದವರು, ಮರೆವಿನ ಕಾಯಿಲೆಯವರು, ಪಾರ್ಕಿನ್‌ಸನ್ಸ್ ಇರುವವರು. ಆಸ್ಪತ್ರೆಯಲ್ಲಿ ರೋಗಿ ನಾಲ್ಕು ದಿನ ಇದ್ದು ಮನೆಗೆ ಹೋಗುತ್ತಾರೆ. ಇಲ್ಲಿ ಅದೇ ಮನೆ. ಆದ್ದರಿಂದ ನಮ್ಮ ಕೇಂದ್ರದಲ್ಲಿ ಅವರನ್ನು ಪೇಷಂಟ್ ಎನ್ನದೆ ನಿವಾಸಿಗಳು ಎನ್ನುತ್ತಿದ್ದರು. ಆರಂಭದಲ್ಲಿ ನನಗೆ ಇದು ಬರೀ ಬೋರ್ಡಿನ ಭಾಷೆ ಅನ್ನಿಸಿತ್ತು.

ಇದು ಸಿಲಬಸ್ಸಿನಲ್ಲಿ ಎಲ್ಲಿ ಬರುತ್ತದೆ?

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಎಂಟು ಸೆಮಿಸ್ಟರುಗಳ ಬಿ.ಎಸ್‌ಸಿ ಪಠ್ಯಕ್ರಮದಲ್ಲಿ ವೃದ್ಧರ ಶುಶ್ರೂಷೆಯೂ ಉಪಶಾಮಕ ಆರೈಕೆಯೂ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಅಡಲ್ಟ್ ಹೆಲ್ತ್ ನರ್ಸಿಂಗ್‌ನ ಎರಡನೆಯ ಭಾಗದಲ್ಲಿ ಸೇರಿವೆ. ಕೆಲವು ಕಾಲೇಜುಗಳು ಇದಕ್ಕೂ ಮೊದಲೇ, ಶುಶ್ರೂಷೆಯ ಮೂಲಪಾಠವಾದ ನರ್ಸಿಂಗ್ ಫೌಂಡೇಶನ್ ಓದುತ್ತಿರುವಾಗಲೇ, ವಿದ್ಯಾರ್ಥಿಗಳನ್ನು ಇಂಥ ಕಡೆ ಕಳುಹಿಸುತ್ತವೆ. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂಬುದು ನನ್ನ ಅಭಿಪ್ರಾಯ, ಆದರೆ ಮೊದಲ ವಾರದಲ್ಲಿ ಯಾರಿಗೂ ಹಾಗೆ ಅನ್ನಿಸುವುದಿಲ್ಲ.

ಮೊದಲ ದಿನ ಏನೇನು ತೆಗೆದುಕೊಂಡು ಹೋಗಬೇಕು?

ಸೆಕೆಂಡಿನ ಮುಳ್ಳಿರುವ ಗಡಿಯಾರ, ಸಣ್ಣ ನೋಟ್‌ಬುಕ್, ಎರಡು ಪೆನ್ನು, ಪೆನ್ ಟಾರ್ಚ್. ಬಳೆ, ಉಂಗುರಗಳನ್ನು ಹಾಸ್ಟೆಲಿನಲ್ಲಿಯೇ ಬಿಡಿ, ಏಕೆಂದರೆ ಕೈ ತೊಳೆಯುವಾಗ ಅವುಗಳ ಅಡಿಯ ಕೊಳೆ ಹೋಗುವುದಿಲ್ಲ ಮತ್ತು ವೃದ್ಧರ ಚರ್ಮ ಉಂಗುರದ ಅಂಚು ತಗುಲಿದರೂ ಸುಲಿದುಬಿಡುತ್ತದೆ. ಉಗುರು ಕತ್ತರಿಸಿರಲಿ. ಮೊಬೈಲು ಬ್ಯಾಗಿನಲ್ಲಿರಲಿ.

ನಿವಾಸಿಗಳನ್ನು ಏನೆಂದು ಕರೆಯಬೇಕು? ಎಲ್ಲರನ್ನೂ ಅಜ್ಜಿ, ತಾತ ಎನ್ನಬಹುದೇ?

ಕೇಳಿ ಕರೆಯಿರಿ. ಅಜ್ಜಿ ಎಂಬ ಮಾತಿನಲ್ಲಿ ಪ್ರೀತಿ ಇರುವುದು ನಿಜ, ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಒಬ್ಬರನ್ನು ನಾನು ಹಾಗೆ ಕರೆದಾಗ ಅವರು ಮುಖ ತಿರುಗಿಸಿಕೊಂಡು ಮಲಗಿದ್ದು ನೆನಪಿದೆ. ಮರುದಿನ 'ಟೀಚರ್' ಎಂದಾಗ ಕೈ ಚಾಚಿ ಬಿಪಿ ನೋಡಲು ಬಿಟ್ಟರು. ಕಲಬುರಗಿ ಕಡೆಯ ಹಿರಿಯರೊಬ್ಬರಿಗೆ 'ಮುತ್ಯಾ' (ತಾತ) ಎಂದರೆ ಮಾತ್ರ ತಮ್ಮನ್ನೇ ಕರೆಯುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಇನ್ನೊಬ್ಬರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು. ಅವರಿಗೆ 'ಸರ್' ಎಂಬುದೇ ಸರಿ. ಏಕವಚನ ಮಾತ್ರ ಯಾರಿಗೂ ಬೇಡ, ನೀವು ಮೊಮ್ಮಗಳಂತೆ ಎಂದು ಅವರೇ ಹೇಳಿದರೂ ಬೇಡ. ಇನ್ನು, ಡಯಾಪರ್ ಎಂಬ ಪದವನ್ನು ವಾರ್ಡಿನ ಮಧ್ಯೆ ನಿಂತು ಗಟ್ಟಿಯಾಗಿ ಹೇಳಬೇಡಿ. ಹತ್ತಿರ ಹೋಗಿ, ಮೆಲ್ಲಗೆ, 'ಬಟ್ಟೆ ಬದಲಾಯಿಸೋಣವೇ' ಎಂದರೆ ಸಾಕು.

ಅವರು ಹೇಳುವ ತೊಂದರೆಯನ್ನು ಚಾರ್ಟಿನ ಭಾಷೆಗೆ ತರುವುದು ಹೇಗೆ?

ಪುಸ್ತಕದಲ್ಲಿ ಇಲ್ಲದ ಪಾಠವೆಂದರೆ ಇದೇ. ಹಿರಿಯರು ಹೇಳುವ ಮಾತುಗಳಿಗೆ ನಿಖರವಾದ ಅರ್ಥವಿದೆ, ಆದರೆ ಅದು ನಮ್ಮ ಪಠ್ಯಪುಸ್ತಕದ ಅರ್ಥವಲ್ಲ. 'ಕಣ್ಣು ಕತ್ತಲೆ ಬಂತು' ಎಂದರೆ ಕಣ್ಣಿನ ತೊಂದರೆ ಎಂದು ಬರೆದುಕೊಳ್ಳಬೇಡಿ. ಎದ್ದು ನಿಂತಾಗ ರಕ್ತದೊತ್ತಡ ಇಳಿದಿರಬಹುದು. ಮಲಗಿದ್ದಾಗ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಕೂಡಲೇ ಸಿಸ್ಟರಿಗೆ ತಿಳಿಸಿ. 'ತಲೆ ಸುತ್ತು' ಎನ್ನುವವರನ್ನು ಕೋಣೆಯೇ ತಿರುಗುತ್ತದೆಯೋ, ಸಮತೋಲ ತಪ್ಪಿದಂತಾಗುತ್ತದೆಯೋ ಎಂದು ಬಿಡಿಸಿ ಕೇಳಬೇಕು. 'ಸಂಕಟ' ಎಂಬ ಪದವಂತೂ ಹೊಟ್ಟೆ ತೊಳಸುವುದರಿಂದ ಹಿಡಿದು ಎದೆಯ ಇರುಕಿನವರೆಗೆ, ಮನಸ್ಸಿನ ತಳಮಳದವರೆಗೆ ಏನು ಬೇಕಾದರೂ ಆಗಬಹುದು. ಎಲ್ಲಿ ಎಂದು ಕೈಯಿಟ್ಟು ತೋರಿಸಲು ಹೇಳಿ. 'ಗ್ಯಾಸು' ಎಂದವರ ಎದೆನೋವನ್ನು ಗ್ಯಾಸು ಎಂದೇ ನಂಬಿ ಬಿಡುವುದು ಅಪಾಯ, ಮಧುಮೇಹ ಇರುವವರಲ್ಲಿ ಹೃದಯಾಘಾತವು ದೊಡ್ಡ ನೋವಿಲ್ಲದೆಯೂ ಬರುತ್ತದೆ. 'ಎರಡಕ್ಕೆ ಹೋಗಿಲ್ಲ' ಎಂಬುದನ್ನು ಅವರು ಮೂರನೆಯ ದಿನವಷ್ಟೇ ಬಾಯಿಬಿಟ್ಟು ಹೇಳುತ್ತಾರೆ, ಅದೂ ಆಯಾ ಹತ್ತಿರ. ಗಂಡು ವಿದ್ಯಾರ್ಥಿಗೆ ಹೆಂಗಸರು ಹೇಳುವುದೇ ಇಲ್ಲ.

ಅವರ ಮಾತನ್ನು ಮೊದಲು ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಚಾರ್ಟಿಗೆ ಇಳಿಸುವ ಅಭ್ಯಾಸ ಮಾಡಿಕೊಳ್ಳಿ. ಕೇರಳದಿಂದಲೂ ಈಶಾನ್ಯದಿಂದಲೂ ಬಂದ ನಮ್ಮ ಸಹಪಾಠಿಗಳು ಇಂಥ ಐವತ್ತು ಮಾತುಗಳ ಪಟ್ಟಿಯನ್ನು ಮಾಡಿಕೊಂಡಿದ್ದರು. ಕನ್ನಡ ಮನೆಮಾತಾಗಿರುವ ನಮಗೂ ಅದು ಬೇಕಾಯಿತು.

ಮೊದಲ ಬೆಡ್ ಬಾತ್ (ಹಾಸಿಗೆಯಲ್ಲಿಯೇ ಮೈ ಒರೆಸುವುದು) ಮಾಡುವಾಗ ತುಂಬ ಮುಜುಗರವಾಗುತ್ತದೆ. ಏನು ಮಾಡಲಿ?

ಮುಜುಗರ ನಿಮ್ಮದಕ್ಕಿಂತ ಅವರದು ಹೆಚ್ಚು. ನಾನು ಮೊದಲು ಮೈ ಒರೆಸಿದ್ದು ಎಂಬತ್ತು ದಾಟಿದ ಒಬ್ಬ ಹೆಂಗಸಿಗೆ. ಪಾರ್ಶ್ವವಾಯುವಿನಿಂದ ಬಲಭಾಗ ಸ್ವಾಧೀನದಲ್ಲಿ ಇರಲಿಲ್ಲ, ಮಾತೂ ಹೋಗಿತ್ತು. ಪ್ರೊಸೀಜರ್ ಪುಸ್ತಕದ ಕ್ರಮ ನನಗೆ ಬಾಯಿಪಾಠವಾಗಿತ್ತು: ಕಣ್ಣು ಮೊದಲು, ಒಳಮೂಲೆಯಿಂದ ಹೊರಮೂಲೆಗೆ, ಆಮೇಲೆ ಮುಖ, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು, ಕೊನೆಗೆ ಗುಪ್ತಾಂಗ. ಟ್ರಾಲಿಯ ಮೇಲೆ ಎರಡು ಬೇಸಿನ್, ಸೋಪು, ಟವೆಲ್, ಮ್ಯಾಕಿಂಟಾಷ್ (ಹಾಸಿಗೆ ನೆನೆಯದಂತೆ ಹಾಸುವ ರಬ್ಬರ್ ಶೀಟು), ಅದರ ಮೇಲೆ ಹಾಸುವ ಡ್ರಾ ಶೀಟ್ ಎಲ್ಲವೂ ಇದ್ದವು. ನಾನು ಹೊದಿಕೆ ಸರಿಸಿದ ಕೂಡಲೇ ಆಕೆ ಚಲಿಸಬಲ್ಲ ಎಡಗೈಯಿಂದ ಸೀರೆಯ ಸೆರಗನ್ನು ಹುಡುಕಿದರು. ಸೀರೆ ಇರಲಿಲ್ಲ, ಮುಂದೆ ಕಟ್ಟುವ ನೈಟಿ ಇತ್ತು. ಆದರೂ ಬೆರಳುಗಳು ಎಡಭುಜದ ಮೇಲೆ ಸೆರಗಿಗಾಗಿ ತಡಕಾಡುತ್ತಲೇ ಇದ್ದವು. ಪಕ್ಕದಲ್ಲಿದ್ದ ಆಯಾ ಏನೂ ಹೇಳದೆ ಒಂದು ಒಣ ಟವೆಲನ್ನು ಅವರ ಎದೆಯ ಮೇಲೆ ಹಾಸಿ, ಅದರ ತುದಿಯನ್ನು ಅವರ ಮುಷ್ಟಿಗೆ ಕೊಟ್ಟರು. ಆ ಕೈ ಅಲ್ಲಿಗೆ ನಿಂತಿತು. ಟವೆಲಿನ ಅಡಿಯಲ್ಲಿಯೇ ಕೈಯಾಡಿಸಿ ನಾನು ಎದೆ, ಹೊಟ್ಟೆ ಒರೆಸಿದೆ.

ಆಯಾ ಮಾಡಿದ್ದನ್ನು ನಮ್ಮ ಪುಸ್ತಕ 'ಖಾಸಗಿತನ ಕಾಪಾಡಿ' ಎಂಬ ಎರಡು ಪದಗಳಲ್ಲಿ ಮುಗಿಸಿದೆ. ಪರದೆ ಎಳೆಯುವುದಷ್ಟೇ ಖಾಸಗಿತನವಲ್ಲ. ಒರೆಸುತ್ತಿರುವ ಭಾಗವೊಂದನ್ನು ಬಿಟ್ಟು ಬೇರೆಲ್ಲವೂ ಮುಚ್ಚಿರಬೇಕು, ಮಾಡುವುದನ್ನು ಮಾಡುವ ಮೊದಲೇ ಹೇಳಬೇಕು, ಅವರ ಕೈ ಆಡುವಷ್ಟು ಕೆಲಸವನ್ನು ಅವರಿಗೇ ಬಿಡಬೇಕು. ನೀರು ಬಿಸಿಯಿದೆಯೇ ಎಂಬುದನ್ನು ಗ್ಲೌಸ್ ಹಾಕುವ ಮೊದಲು ಮೊಣಕೈಯಿಂದ ನೋಡಿ. ವಾಸನೆಯ ವಿಷಯ ಕೇಳುವವರೂ ಇದ್ದಾರೆ. ಒಂದು ವಾರದಲ್ಲಿ ಮೂಗು ಒಗ್ಗುತ್ತದೆ, ಆದರೆ ಪೂರ್ತಿ ಒಗ್ಗದಿರುವುದೇ ಒಳ್ಳೆಯದು, ಏಕೆಂದರೆ ಮೂತ್ರದ ವಾಸನೆ ಎಂದಿಗಿಂತ ಬೇರೆಯಾಗಿದೆ ಎಂಬುದನ್ನು ಹೇಳುವುದು ಅದೇ ಮೂಗು.

ಹಾಸಿಗೆ ಹುಣ್ಣು ಆಗದಂತೆ ನಿಜಕ್ಕೂ ತಡೆಯಬಹುದೇ?

ಬಹುತೇಕ ತಡೆಯಬಹುದು. ಇದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ದೊಡ್ಡ ಉದಾಹರಣೆಯೊಂದಿದೆ. ಉತ್ತರ ಕನ್ನಡದ ಹಳದಿಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರಿನಲ್ಲಿ ಅಲ್ಲಿಯ ನೌಕರನೊಬ್ಬನಿಂದ ಘೋರ ಹಲ್ಲೆಯಾಯಿತು. ಮೆದುಳಿಗೆ ಆದ ಹಾನಿಯಿಂದ ಅವರು ಮತ್ತೆ ಚೇತರಿಸಿಕೊಳ್ಳದೆ, 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಸುಮಾರು ನಲವತ್ತೆರಡು ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ದಯಾಮರಣದ ಅರ್ಜಿಯ ಬಗ್ಗೆ 2011ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಕಾನೂನಿನ ಕಾರಣಕ್ಕೆ ಎಲ್ಲರೂ ಓದುತ್ತಾರೆ. ನರ್ಸಿಂಗ್ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಅದರಲ್ಲಿ ಮೆಚ್ಚುಗೆಯಿಂದ ದಾಖಲಾಗಿರುವ ಶುಶ್ರೂಷೆಯನ್ನು: ಅಷ್ಟು ವರ್ಷ ಮಲಗಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗಿರಲಿಲ್ಲ. ಒಂದರ ಹಿಂದೆ ಒಂದು ತಲೆಮಾರಿನ ನರ್ಸುಗಳು ಅವರನ್ನು ದಿನವೂ ಹೊರಳಿಸಿ, ಶುಚಿ ಮಾಡಿ, ಉಣಿಸಿದ್ದರು.

ಮಾಡಬೇಕಾದ ಕೆಲಸ ಸರಳ, ತಪ್ಪದೆ ಮಾಡುವುದು ಕಷ್ಟ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆಯ ಮೇಲೆ ಎಳೆಯದೆ ಶೀಟಿನಿಂದ ಎತ್ತಿ ಸರಿಸಬೇಕು, ಪೂರ್ತಿ ಪಕ್ಕಕ್ಕೆ ಮಲಗಿಸುವ ಬದಲು ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಅಡಿ ದಿಂಬು ಇಡಬೇಕು. ಏರ್ ಬೆಡ್ ಹಾಕಿದ್ದೇವೆ ಎಂದು ಹೊರಳಿಸುವುದನ್ನು ಬಿಡುವಂತಿಲ್ಲ. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಅಳತೆಯಲ್ಲಿ ಒಟ್ಟು ಅಂಕ 6ರಿಂದ 23. 18 ಅಥವಾ ಅದಕ್ಕಿಂತ ಕಡಿಮೆ ಬಂದವರ ಮೇಲೆ ಕಣ್ಣಿಡಬೇಕು.

ಹುಣ್ಣಿನ ಮೊದಲ ಹಂತದ ಗುರುತನ್ನು ಪುಸ್ತಕಗಳು 'ಒತ್ತಿದರೂ ಬಿಳುಚದ ಕೆಂಪು' ಎನ್ನುತ್ತವೆ. ಚಿತ್ರದಲ್ಲಿರುವುದು ಬಿಳಿಯ ಚರ್ಮ. ನಮ್ಮ ನಿವಾಸಿಗಳ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ: ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ಮುಖ ಕಿವುಚುತ್ತಾರೆಯೇ? ಅಂಥ ಜಾಗವನ್ನು ತಿಕ್ಕಬಾರದು. ಹಿರಿಯ ಸಿಸ್ಟರುಗಳಲ್ಲಿ ಕೆಲವರು ಇಂದಿಗೂ ಸ್ಪಿರಿಟ್ ಹಚ್ಚಿ ಚೆನ್ನಾಗಿ ಉಜ್ಜಲು ಹೇಳುತ್ತಾರೆ. ಅವರು ಕಲಿತ ಕಾಲದಲ್ಲಿ ಹಾಗೆಯೇ ಕಲಿಸುತ್ತಿದ್ದರು. ವಾದಕ್ಕೆ ಇಳಿಯದೆ ನಿಮ್ಮ ಟ್ಯೂಟರ್ ಮೂಲಕ ಮಾತಾಡಿ.

ಉಣಿಸುವಾಗ ಗಮನಿಸಬೇಕಾದದ್ದೇನು?

ನಿಂತುಕೊಂಡು ಉಣಿಸಬೇಡಿ. ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತರೆ ಅವರ ಗದ್ದ ತಾನಾಗಿಯೇ ಕೆಳಗೆ ಬರುತ್ತದೆ, ನೆತ್ತಿಗೆ ಹತ್ತುವುದು ಕಡಿಮೆಯಾಗುತ್ತದೆ. ಪಾರ್ಶ್ವವಾಯು ಆದವರಲ್ಲಿ ತುತ್ತು ಸೋತ ಬದಿಯ ಕೆನ್ನೆಯಲ್ಲಿ ಉಳಿದಿರುತ್ತದೆ. ಊಟವಾದ ಮೇಲೆ ಟಾರ್ಚ್ ಹಾಕಿ ನೋಡಿ. ಕೆಲವರಿಗೆ ನೀರಿಗಿಂತ ಗಟ್ಟಿಯಾದ ರಾಗಿ ಸರಿ ಸುಲಭವಾಗಿ ಇಳಿಯುತ್ತದೆ. ಉಂಡ ಮೇಲೆ ದನಿ ಒದ್ದೆಯಾದಂತೆ ಗೊರಗೊರ ಎಂದರೆ ಮುಂದಿನ ತುತ್ತು ಕೊಡದೆ ತಿಳಿಸಿ.

ರೈಲ್ಸ್ ಟ್ಯೂಬ್ (ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ನಳಿಕೆ) ಇದ್ದವರಿಗೆ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಏರಿಸಿ, ಆಹಾರ ಕೊಟ್ಟಾದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಿಸಬೇಕು. ಟ್ಯೂಬು ಹೊಟ್ಟೆಯಲ್ಲಿಯೇ ಇದೆಯೇ ಎಂದು ನೋಡಲು ಗಾಳಿ ತಳ್ಳಿ ಸ್ಟೆತಸ್ಕೋಪಿನಲ್ಲಿ ಕೇಳುವ ಪದ್ಧತಿ ಅನೇಕ ಕಡೆ ನಡೆದುಬಂದಿದೆ, ಆದರೆ ಅದೊಂದನ್ನೇ ನಂಬುವುದು ಸರಿಯಲ್ಲ. ಮೂಗಿನ ಬಳಿಯ ಗುರುತು ಜಾರಿದೆಯೇ ನೋಡಿ, ಟ್ಯೂಬಿನಿಂದ ಎಳೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) 5.5ಕ್ಕಿಂತ ಮೇಲಿಲ್ಲವೆಂದು ಪಿಎಚ್ ಕಾಗದದ ಪಟ್ಟಿಯಿಂದ ಪರೀಕ್ಷಿಸಿ. ರಾಗಿ ಗಂಜಿಯನ್ನು ಸೋಸದೆ ಕೊಟ್ಟರೆ ಟ್ಯೂಬು ಕಟ್ಟಿಕೊಳ್ಳುವುದು ಖಚಿತ.

ಸಂಜೆಯಾದರೆ 'ಮನೆಗೆ ಹೋಗಬೇಕು' ಎಂದು ಹಟ ಮಾಡುವವರಿಗೆ ಏನು ಹೇಳಬೇಕು?

ಮರೆವಿನ ಕಾಯಿಲೆ ಇರುವ ಅನೇಕರಲ್ಲಿ ಇಳಿಹೊತ್ತಿಗೆ ಚಡಪಡಿಕೆ ಹೆಚ್ಚುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬರು ಐದು ಗಂಟೆಯಾಯಿತೆಂದರೆ 'ಹಾಲು ಕರೆಯುವ ಹೊತ್ತಾಯಿತು, ಬಿಡಿ' ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಹಸು ಮಾರಿ ಇಪ್ಪತ್ತು ವರ್ಷವಾಯಿತು ಎಂದು ನಾನು ಮೊದಲ ದಿನ ತಿಳಿಸಿ ಹೇಳಿದೆ. ಅವರ ಪಾಲಿಗೆ ಆ ಹಸು ಆ ಕ್ಷಣದಲ್ಲಿ ಸತ್ತಿತು. ರಾತ್ರಿ ಊಟ ಮಾಡಲಿಲ್ಲ. ಮರುದಿನ ಹಸುವಿನ ಬಣ್ಣವೇನು, ಎಷ್ಟು ಹಾಲು ಕೊಡುತ್ತದೆ, ಒದೆಯುತ್ತದೆಯೇ ಎಂದು ಕೇಳುತ್ತ ಜೊತೆಯಲ್ಲಿ ಕಾರಿಡಾರಿನ ತುದಿಯವರೆಗೆ ನಡೆದೆ. ಎರಡು ಸುತ್ತಿನಲ್ಲಿ ಕಾಫಿ ಬಂತು, ಅವರು ಕುಳಿತರು. ಇದು ಸುಳ್ಳು ಹೇಳಿದಂತಲ್ಲವೇ ಎಂದು ನನ್ನ ಗೆಳತಿ ಕೇಳಿದಳು. ಹಸು ಇದೆ ಎಂದು ನಾನು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನನಗೆ ಅಷ್ಟರ ಮಟ್ಟಿಗೆ ಸಮಾಧಾನವಿದೆ.

ಇನ್ನೊಂದು ಮಾತು. ಮರೆವಿನ ಕಾಯಿಲೆ ಪತ್ತೆಹಚ್ಚಲು ಗಡಿಯಾರದ ಚಿತ್ರ ಬರೆಸುವ ಪರೀಕ್ಷೆ ಶಾಲೆಯ ಮೆಟ್ಟಿಲು ಹತ್ತದವರಿಗೆ ಸಲ್ಲದು. ಪೆನ್ಸಿಲು ಹಿಡಿದೇ ಇಲ್ಲದವರು ಸೊನ್ನೆ ಪಡೆದರೆ ಅದು ಅವರ ನೆನಪಿನ ಅಳತೆಯಲ್ಲ. ತಾರೀಖು ಕೇಳುವ ಬದಲು ಯುಗಾದಿ ಕಳೆಯಿತೇ, ಗೌರಿ ಹಬ್ಬ ಬಂತೇ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಇಲ್ಲಿ ದಿನವೂ ಒಂದೇ ಕೆಲಸ. ಇದರಲ್ಲಿ ಕಲಿಯುವುದೇನಿದೆ?

ಈ ಪ್ರಶ್ನೆಯನ್ನು ಎಲ್ಲರೂ ಎರಡನೆಯ ವಾರದಲ್ಲಿ ಕೇಳುತ್ತಾರೆ, ನಾನೂ ಕೇಳಿದ್ದೆ. ದಿನವೂ ಅದೇ ವ್ಯಕ್ತಿಯನ್ನು ನೋಡುವುದರಿಂದಲೇ ಇಂದು ಏನೋ ಬೇರೆಯಾಗಿದೆ ಎಂಬುದು ಕಾಣಿಸುತ್ತದೆ. ಆಸ್ಪತ್ರೆಯ ವಾರ್ಡು ಇದನ್ನು ಕಲಿಸಲಾರದು, ಅಲ್ಲಿ ನಿನ್ನೆಯ ರೋಗಿ ಇಂದು ಇರುವುದಿಲ್ಲ. ನನ್ನ ಕೇಸ್ ಸ್ಟಡಿಗೆ ಕೊಟ್ಟಿದ್ದ ಹಿರಿಯರೊಬ್ಬರು ಬೆಳಗ್ಗೆ ನಾನು ಒಳಗೆ ಬಂದ ಕೂಡಲೇ 'ಪೇಪರ್ ಬಂತಾ?' ಎಂದು ಕೇಳುತ್ತಿದ್ದರು, ಆಮೇಲೆ ಅದನ್ನು ತಲೆಕೆಳಗಾಗಿ ಹಿಡಿದುಕೊಂಡರೂ ಸರಿಯೇ. ಒಂದು ದಿನ ಕೇಳಲಿಲ್ಲ. ಪೇಪರ್ ಕೈಗಿಟ್ಟರೆ ಎದೆಯ ಮೇಲೆ ಜಾರಿಬಿಟ್ಟಿತು. ಮೈಬಿಸಿ 98.4, ಬಿಪಿ ಎಂದಿನಂತೆ, ಸಕ್ಕರೆಯೂ ಸರಿ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿದೆ: 28. ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಗಳ ಟಿಪಿಆರ್ (ಮೈಬಿಸಿ, ನಾಡಿ, ಉಸಿರಾಟ) ಚಾರ್ಟುಗಳಲ್ಲಿ ಉಸಿರಾಟದ ಸಂಖ್ಯೆ ಎಲ್ಲರದೂ 18 ಅಥವಾ 20 ಇರುತ್ತದೆ, ಏಕೆಂದರೆ ಯಾರೂ ಎಣಿಸುವುದಿಲ್ಲ. ಹಿಂದಿನ ಮೂರು ದಿನ ನಾನೂ 20 ಎಂದೇ ಬರೆದಿದ್ದೆ, ಎಣಿಸದೆ.

ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದಾಗ ಅವರು ಜ್ವರವಿಲ್ಲವಲ್ಲ ಎನ್ನದೆ ಡಾಕ್ಟರನ್ನು ಕರೆಸಿದರು. ನ್ಯುಮೋನಿಯಾ ಎಂದು ಗೊತ್ತಾಯಿತು. ವೃದ್ಧರಲ್ಲಿ ಸೋಂಕು ಜ್ವರವಿಲ್ಲದೆ ಬರಬಹುದು. ಮಂಕು, ಊಟ ಬೇಡವೆನ್ನುವುದು, ಇದ್ದಕ್ಕಿದ್ದಂತೆ ಬೀಳುವುದು, ತಪ್ಪು ತಪ್ಪು ಮಾತು, ಇವೇ ಮೊದಲ ಲಕ್ಷಣಗಳಾಗಬಹುದು. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಂದ ಗೊಂದಲವನ್ನು ವಯಸ್ಸಾಯಿತು ಎಂದು ಬಿಡುವಂತಿಲ್ಲ.

ತಪ್ಪು ಮಾಡಿದರೆ?

ಕೂಡಲೇ ಹೇಳಿ. ನಾನು ಒಮ್ಮೆ ಬೆಡ್‌ಶೀಟ್ ಬದಲಿಸುವಾಗ ದಿಂಬಿನ ಮಗ್ಗುಲಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಹಲ್ಲುಸೆಟ್ಟನ್ನು ಗಮನಿಸದೆ ಬಟ್ಟೆಯ ಜೊತೆ ಲಾಂಡ್ರಿಗೆ ಹಾಕಿಬಿಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಗೊತ್ತಾಯಿತು. ಹೇಳಲು ಹೆದರಿ ಅರ್ಧ ಗಂಟೆ ಕಳೆದೆ. ಆ ಅರ್ಧ ಗಂಟೆಯಲ್ಲಿ ಮೂಟೆ ಲಾಂಡ್ರಿಯ ಗಾಡಿಗೆ ಏರಿತ್ತು. ಹಲ್ಲುಸೆಟ್ಟು ಸಿಕ್ಕಿತು, ಆದರೆ ಮೂರು ದಿನದ ಮೇಲೆ, ಒಂದು ತುದಿ ಮುರಿದು. ಮೂರು ದಿನ ಅವರು ಮೆತ್ತನೆಯ ಅನ್ನ, ಸಾರು ಮಾತ್ರ ಉಂಡರು. ಯಾರೊಡನೆಯೂ ಬಾಯಿ ತೆರೆದು ಮಾತಾಡಲಿಲ್ಲ. ಅಂದಿನಿಂದ ನಾನು ಶೀಟು ಎಳೆಯುವ ಮೊದಲು ಹಲ್ಲು, ಕನ್ನಡಕ, ಕಿವಿಯಂತ್ರ ಮೂರನ್ನೂ ಬಾಯಲ್ಲಿ ಹೇಳಿಕೊಂಡು ಹುಡುಕುತ್ತೇನೆ.

ಮಕ್ಕಳು ಬಂದು ನೋಡದಿದ್ದರೆ ನಾವು ಏನಾದರೂ ಹೇಳಬಹುದೇ?

ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ಮನೆಯ ಮೂವತ್ತು ವರ್ಷದ ಕಥೆ ನಮಗೆ ಗೊತ್ತಿರುವುದಿಲ್ಲ. ಆದರೆ ಹೊಡೆತದ ಗುರುತು, ಪಿಂಚಣಿ ಹಣಕ್ಕಾಗಿ ಸಹಿ ಹಾಕಿಸಿಕೊಳ್ಳುವ ಒತ್ತಾಯ, ಇಂಥವು ಕಂಡರೆ ಇನ್‌ಚಾರ್ಜ್ ಸಿಸ್ಟರಿಗೂ ಟ್ಯೂಟರಿಗೂ ತಿಳಿಸಲೇಬೇಕು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯಡಿ ಜೀವನಾಂಶಕ್ಕಾಗಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರ ಸಹಾಯವಾಣಿಯ ಸಂಖ್ಯೆ 14567.

ಆಯಾಗಳ ಜೊತೆ ಹೇಗಿರಬೇಕು?

ವಿನಯದಿಂದ. ಯಾರು ಬಲಮಗ್ಗುಲಲ್ಲಿ ಮಲಗಲು ಒಪ್ಪುವುದಿಲ್ಲ, ಯಾರಿಗೆ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ಕೊಡಬೇಕು ಎಂಬುದು ಕೇಸ್ ಶೀಟಿನಲ್ಲಿ ಇರುವುದಿಲ್ಲ, ಅವರ ತಲೆಯಲ್ಲಿ ಇರುತ್ತದೆ. ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸುವುದನ್ನೂ ಒಬ್ಬರೇ ಎತ್ತಬಾರದೆಂಬುದನ್ನೂ ನನಗೆ ಕಲಿಸಿದ್ದು ಅವರೇ.

ಪೋಸ್ಟಿಂಗ್ ಅವಧಿಯಲ್ಲಿಯೇ ಸಾವು ಸಂಭವಿಸಿದರೆ?

ಸಂಭವಿಸಬಹುದು. ಡಾಕ್ಟರು ದೃಢಪಡಿಸಿದ ಮೇಲೆ ಸಿಸ್ಟರ್ ಹೇಳಿದಂತೆ ಕಣ್ಣು ಮುಚ್ಚಿಸಿ, ಟ್ಯೂಬುಗಳನ್ನು ತೆಗೆದು, ಮೈ ಒರೆಸಿ, ಗದ್ದಕ್ಕೆ ಆಸರೆ ಕೊಟ್ಟು, ಕೈಕಾಲು ನೇರ ಮಾಡಬೇಕು. ಮನೆಯವರನ್ನು ಅವರ ಪದ್ಧತಿಯೇನೆಂದು ಕೇಳದೆ ಏನನ್ನೂ ಮಾಡಬೇಡಿ. ಕೆಲವರು ತಾವೇ ಸ್ನಾನ ಮಾಡಿಸುತ್ತಾರೆ, ಕೆಲವರಿಗೆ ದಿಕ್ಕು ಮುಖ್ಯ. ನಾನು ನೋಡಿದ ಮೊದಲ ಸಾವಿನಲ್ಲಿ ಸಿಸ್ಟರ್ ಮೈ ಒರೆಸುತ್ತಿರುವಷ್ಟು ಹೊತ್ತೂ 'ಈಗ ಎಡಕ್ಕೆ ಹೊರಳಿಸುತ್ತೇವೆ, ಅಮ್ಮ' ಎಂದು ಎಂದಿನಂತೆ ಹೇಳಿಯೇ ಹೊರಳಿಸಿದರು. ಅಳು ಬಂದರೆ ಹೊರಗೆ ಹೋಗಿ ಅತ್ತು ಬನ್ನಿ, ಯಾರೂ ಬೈಯುವುದಿಲ್ಲ. ಪಕ್ಕದ ಹಾಸಿಗೆಯವರಿಗೂ ವಿಷಯ ಗೊತ್ತಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಅವರು ಕೇಳಿದರೆ ಏನು ಹೇಳಬೇಕೆಂಬುದನ್ನು ಸಿಸ್ಟರನ್ನು ಕೇಳಿಕೊಂಡಿರಿ.

ಪೋಸ್ಟಿಂಗ್ ಮುಗಿದ ಮೇಲೆ ಅವರನ್ನು ನೋಡಲು ಹೋಗಬಹುದೇ?

ಕೇಂದ್ರದ ಅನುಮತಿ ಪಡೆದು, ಭೇಟಿಯ ಸಮಯದಲ್ಲಿ ಹೋಗಬಹುದು. ಹೊರಡುವ ದಿನ 'ಮುಂದಿನ ವಾರ ಬರುತ್ತೇನೆ' ಎಂದು ಹೇಳಬೇಡಿ; ಪರೀಕ್ಷೆ ಬರುತ್ತದೆ, ನೀವು ಹೋಗುವುದಿಲ್ಲ, ಅವರು ಬಾಗಿಲು ನೋಡುತ್ತಿರುತ್ತಾರೆ. ಫೋಟೊ ತೆಗೆದು ಸ್ಟೇಟಸ್‌ನಲ್ಲಿ ಹಾಕಬೇಡಿ. ಸಿಹಿ ತೆಗೆದುಕೊಂಡು ಹೋಗಬೇಡಿ, ಸಕ್ಕರೆ ಕಾಯಿಲೆಯವರು ಅಲ್ಲಿ ಬಹಳ ಮಂದಿ. ಪೇಪರ್ ಕೇಳುತ್ತಿದ್ದ ಹಿರಿಯರು ಚೇತರಿಸಿಕೊಂಡ ಮೇಲೆ ನಾನು ಎರಡು ಸಲ ಹೋಗಿದ್ದೆ, ಎರಡು ಸಲವೂ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಕೈಯಲ್ಲಿದ್ದ ಪೇಪರಿನ ಗುರುತು ಹತ್ತಿತು.